ಕಾಣದ ಗೆರೆ, ಓಗೊಡುವ ಪೆಟ್ಟಿಗೆ

ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಕಾಶದ ವಿಚಾರ ಹೆಚ್ಚಾಗಿದೆ. ಈ ಸಂಚಿಕೆಗೆ ಒಂದೇ ವಿಷಯದ ಸುತ್ತ ಬಂದಿರುವ ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವಿಮಾನಗಳಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ಇರುತ್ತದೆಂದು ಓದಿದೆ. ನೆಲದ ಮೇಲೆ ರಾಡಾರ್ ಇರುವಾಗ ವಿಮಾನದೊಳಗೆ ಇನ್ನೊಂದು ಉಪಕರಣ ಏಕೆ ಬೇಕು? ನನ್ನ ತರಗತಿಯ ಮಕ್ಕಳಿಗೆ ಇದನ್ನು ಹೇಗೆ ವಿವರಿಸಲಿ?
— ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಗುಡ್ಡದ ಎದುರು ನಿಂತು ಕೂಗಿದರೆ ನಮ್ಮದೇ ಕೂಗು ತಿರುಗಿ ಬರುತ್ತದೆ. ಕಣಿವೆಯ ಆಚೆಯ ತೋಟದಲ್ಲಿರುವವರನ್ನು ಕೂಗಿದರೆ ಅವರು ಓಗೊಡುತ್ತಾರೆ. ಮೊದಲನೆಯದರಿಂದ ಎದುರಿಗೆ ಏನೋ ಇದೆ ಎಂಬುದಷ್ಟೇ ತಿಳಿಯುತ್ತದೆ. ಎರಡನೆಯದರಿಂದ ಅಲ್ಲಿರುವವರು ಯಾರು ಎಂಬುದು ತಿಳಿಯುತ್ತದೆ. ಪ್ರಾಥಮಿಕ ರಾಡಾರ್ ಎಂದು ಕರೆಯುವ ಹಳೆಯ ಬಗೆಯ ರಾಡಾರ್ ಪ್ರತಿಧ್ವನಿಯನ್ನು ನಂಬಿಕೊಂಡದ್ದು: ಅದು ಕಳಿಸಿದ ರೇಡಿಯೋ ಅಲೆ ವಿಮಾನದ ಮೈಗೆ ತಾಗಿ ಮರಳುತ್ತದೆ, ಪರದೆಯ ಮೇಲೆ ಹೆಸರಿಲ್ಲದ ಒಂದು ಚುಕ್ಕೆ ಮೂಡುತ್ತದೆ. ದ್ವಿತೀಯಕ ರಾಡಾರ್ ಹಾಗಲ್ಲ. ಅದು 1030 ಮೆಗಾಹರ್ಟ್ಸ್ ಆವರ್ತನದಲ್ಲಿ ಒಂದು ಪ್ರಶ್ನೆಯನ್ನು ಕಳಿಸುತ್ತದೆ, ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಅದಕ್ಕೆ ಓಗೊಡುತ್ತದೆ.

ಈ ಉಪಕರಣದ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ಬರುತ್ತಿರುವ ವಿಮಾನ ತಮ್ಮದೋ ಶತ್ರುವಿನದೋ ಎಂದು ತಿಳಿಯಲು ಬ್ರಿಟಿಷರು ರೂಪಿಸಿದ ಸಾಧನಕ್ಕೆ ಅವರು ಇಟ್ಟ ಗುಪ್ತನಾಮ ಗಿಳಿ. ಆದ್ದರಿಂದಲೇ ಇಂದಿಗೂ ಪೈಲಟ್‌ಗಳು ಟ್ರಾನ್ಸ್‌ಪಾಂಡರ್‌ನಲ್ಲಿ ಸಂಕೇತ ಹಾಕುವುದನ್ನು ಸ್ಕ್ವಾಕ್ ಎನ್ನುತ್ತಾರೆ. ಅದು ಗಿಳಿಯ ಕಿರುಚನ್ನು ಸೂಚಿಸುವ ಇಂಗ್ಲಿಷ್ ಪದ. ಸಂಕೇತವೆಂದರೆ ನಾಲ್ಕು ಅಂಕಿಗಳ ಒಂದು ಸಂಖ್ಯೆ. ಪ್ರತಿ ಅಂಕಿಯೂ 0ಯಿಂದ 7ರವರೆಗೆ ಮಾತ್ರ ಇರುವುದರಿಂದ ಒಟ್ಟು 4096 ಸಂಕೇತಗಳು ಸಾಧ್ಯ. ಇದನ್ನು ಮಕ್ಕಳಿಂದ ಲೆಕ್ಕ ಹಾಕಿಸಬಹುದು. ಅವುಗಳಲ್ಲಿ 7500 ಅಪಹರಣಕ್ಕೆ, 7600 ರೇಡಿಯೋ ಕೆಟ್ಟುಹೋದದ್ದಕ್ಕೆ, 7700 ತುರ್ತು ಪರಿಸ್ಥಿತಿಗೆ ಜಗತ್ತಿನಾದ್ಯಂತ ಮೀಸಲಾಗಿವೆ. ಸಂಕೇತವನ್ನಷ್ಟೇ ಹೇಳುವ ಉತ್ತರಕ್ಕೆ ಮೋಡ್ ಎ ಎಂದೂ, ಜೊತೆಗೆ 100 ಅಡಿಗಳ ಹೆಜ್ಜೆಯಲ್ಲಿ ಎತ್ತರವನ್ನೂ ತಿಳಿಸುವುದಕ್ಕೆ ಮೋಡ್ ಸಿ ಎಂದೂ, ಪ್ರತಿ ವಿಮಾನಕ್ಕೂ ಅದರದೇ ಆದ 24 ಬಿಟ್‌ಗಳ ವಿಳಾಸ ಕೊಟ್ಟು ಒಂದೊಂದನ್ನೇ ಹೆಸರು ಹಿಡಿದು ಮಾತಾಡಿಸಲು ಅನುವು ಮಾಡುವುದಕ್ಕೆ ಮೋಡ್ ಎಸ್ ಎಂದೂ ಹೆಸರು.

ಎತ್ತರ ತಿಳಿಯುವುದು ಎಷ್ಟು ಮುಖ್ಯ ಎಂಬುದನ್ನು ನಮ್ಮ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟಿದ್ದ ಸೌದಿಯ ಬೋಯಿಂಗ್ 747 ಮತ್ತು ದೆಹಲಿಗೆ ಬರುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್ 76 ಢಿಕ್ಕಿಯಾಗಿ 349 ಜನ ಸತ್ತರು. ಒಂದಕ್ಕೆ 14,000 ಅಡಿಯಲ್ಲಿ, ಇನ್ನೊಂದಕ್ಕೆ 15,000 ಅಡಿಯಲ್ಲಿ ಇರಲು ಹೇಳಲಾಗಿತ್ತು, ಮೇಲಿರಬೇಕಾದದ್ದು ಕೆಳಗಿಳಿಯಿತು. ಅಂದು ದೆಹಲಿಯ ನಿಯಂತ್ರಕರ ಮುಂದಿದ್ದದ್ದು ಎತ್ತರವನ್ನು ತೋರಿಸದ ಪ್ರಾಥಮಿಕ ರಾಡಾರ್. ಒಂದು ಚುಕ್ಕೆ ಇನ್ನೊಂದು ಚುಕ್ಕೆಯ ಮೇಲೆ ಹಾದುಹೋಗುವುದು ಪರದೆಯಲ್ಲಿ ಪ್ರತಿದಿನದ ನೋಟವೇ ಆಗಿದ್ದುದರಿಂದ, ಎರಡೂ ಒಂದೇ ಎತ್ತರದಲ್ಲಿವೆ ಎಂಬುದನ್ನು ಹೇಳುವ ಯಾವುದೂ ಅವರ ಬಳಿ ಇರಲಿಲ್ಲ. ಆ ದುರಂತದ ಅನಂತರ, ಪಕ್ಕದ ವಿಮಾನದ ಟ್ರಾನ್ಸ್‌ಪಾಂಡರನ್ನು ತಾನೇ ಪ್ರಶ್ನಿಸಿ ಪೈಲಟ್‌ಗೆ ಎಚ್ಚರಿಕೆ ಕೊಡುವ ಢಿಕ್ಕಿ ತಡೆ ಉಪಕರಣವನ್ನು ಭಾರತಕ್ಕೆ ಬಂದುಹೋಗುವ ವಿಮಾನಗಳಿಗೆ ಕಡ್ಡಾಯ ಮಾಡಲಾಯಿತು.

ಪ್ರಶ್ನೆ: ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ಹವ್ಯಾಸಕ್ಕಾಗಿ ಖಾಸಗಿ ಪೈಲಟ್ ಪರವಾನಗಿ ಪಡೆದು ಬಾಡಿಗೆಯ ಸಣ್ಣ ವಿಮಾನದಲ್ಲಿ ರಜಾದಿನಗಳಲ್ಲಿ ಹಾರುತ್ತಾನೆ. ಕಳೆದ ತಿಂಗಳು ಅನುಮತಿ ಇಲ್ಲದೆ ಒಂದು ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶದೊಳಗೆ ಎರಡು ನಿಮಿಷ ನುಗ್ಗಿದನೆಂದು ಅವನ ಮೇಲೆ ವಿಚಾರಣೆ ನಡೆದಿದೆ. ಹುಡುಗ ತುಂಬಾ ನೊಂದುಕೊಂಡಿದ್ದಾನೆ. ಇಷ್ಟು ಉಪಕರಣಗಳಿರುವ ಕಾಲದಲ್ಲಿ ಒಬ್ಬ ಪೈಲಟ್ ದಾರಿ ತಪ್ಪುವುದು ಹೇಗೆ? ಟ್ರಾನ್ಸ್‌ಪಾಂಡರ್ ಇಲ್ಲದಿದ್ದರೆ ಅವನು ಸಿಕ್ಕಿಬೀಳುತ್ತಲೇ ಇರಲಿಲ್ಲ ಎಂದು ನಮ್ಮ ಮನೆಯಲ್ಲಿ ಕೆಲವರು ಹೇಳುತ್ತಾರೆ. ಅದು ಸರಿಯೇ?
— ಓದುಗರು, ಸಾಗರ

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಹಾಗೆಯೇ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನ ಟ್ರಾನ್ಸ್‌ಪಾಂಡರ್ ಓಗೊಡುತ್ತಿದ್ದುದರಿಂದಲೇ ನಿಯಂತ್ರಕರು ಅವನನ್ನು ಗುರುತಿಸಿದರು, ಅವನ ಎತ್ತರ ತಿಳಿದುಕೊಂಡರು, ಇಳಿಯಲು ಬರುತ್ತಿದ್ದ ಪ್ರಯಾಣಿಕ ವಿಮಾನಗಳನ್ನು ಅವನಿಂದ ದೂರ ತಿರುಗಿಸಿದರು. ಅದು ಇಲ್ಲದಿದ್ದರೆ ಅವನು ಸಿಕ್ಕಿಬೀಳುತ್ತಿರಲಿಲ್ಲ ಎಂಬುದು ನಿಜವಿರಬಹುದು. ಅವನ ದಾರಿಗೆ ಅಡ್ಡಲಾಗಿ ಬರುತ್ತಿದ್ದವರಿಗೂ ಅವನು ಕಾಣುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ದಾರಿ ತಪ್ಪುವುದು ಹೇಗೆ ಎಂಬ ಪ್ರಶ್ನೆಗೆ ಬರೋಣ. ನಿಯಂತ್ರಿತ ವಾಯುಪ್ರದೇಶವೆಂದರೆ, ವಾಯು ಸಂಚಾರ ನಿಯಂತ್ರಣದವರ ಅನುಮತಿ ಪಡೆದೇ ಪ್ರವೇಶಿಸಬೇಕಾದ ಆಕಾಶದ ಭಾಗ. ದೊಡ್ಡ ನಿಲ್ದಾಣಗಳ ಸುತ್ತ ಅದರ ಆಕಾರ, ಮೆಟ್ಟಿಲು ಮೆಟ್ಟಿಲಾದ ಗೋಪುರವನ್ನು ಬೋರಲು ಹಾಕಿದಂತೆ ಇರುತ್ತದೆ. ನಿಲ್ದಾಣದ ಹತ್ತಿರ ಅದು ನೆಲದಿಂದಲೇ ಆರಂಭವಾಗುತ್ತದೆ. ದೂರ ಹೋದಂತೆ ಅದರ ತಳ ಮೇಲೆ ಮೇಲೆ ಏರುತ್ತದೆ. ಆದ್ದರಿಂದ ಸಣ್ಣ ವಿಮಾನದವನು ಆ ಮೆಟ್ಟಿಲುಗಳ ಅಡಿಯಲ್ಲಿ, ಅನುಮತಿ ಬೇಡದ ಆಕಾಶದಲ್ಲಿ ಹಾರುತ್ತಿರುವಾಗ, ಪಕ್ಕಕ್ಕೆ ಸರಿದರೂ ತಪ್ಪುತ್ತಾನೆ, ಸ್ವಲ್ಪ ಮೇಲೇರಿದರೂ ತಪ್ಪುತ್ತಾನೆ. ನಮ್ಮ ತೋಟಗಳ ನಡುವೆ ಬೇಲಿ ಇರುತ್ತದೆ, ಕಾಡಿನ ಅಂಚಿನಲ್ಲಿ ಗಡಿಕಲ್ಲು ಇರುತ್ತದೆ. ಆಕಾಶದ ಈ ಗೆರೆ ನಕ್ಷೆಯ ಮೇಲೆ ಮಾತ್ರ ಇದೆ.

ಪಕ್ಕಕ್ಕೆ ಸರಿಯುವುದು ಎಷ್ಟು ಸುಲಭವೆಂಬುದನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡಬಹುದು. 90 ನಾಟ್, ಅಂದರೆ ಗಂಟೆಗೆ ಸುಮಾರು 167 ಕಿಲೋಮೀಟರ್ ವೇಗದ ಒಂದು ತರಬೇತಿ ವಿಮಾನ ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಮೂತಿ ಮಾಡಿ ಹೊರಟಿದೆ ಎಂದುಕೊಳ್ಳಿ. ಪಡುವಣ ಗಾಳಿ 20 ನಾಟ್ ವೇಗದಲ್ಲಿ ಬೀಸುತ್ತಿದ್ದು ಪೈಲಟ್ ಅದನ್ನು ಗಣಿಸದೆ ಇದ್ದರೆ, 15 ನಿಮಿಷಗಳಲ್ಲಿ ಆ ಗಾಳಿ ಅವನನ್ನು 5 ನಾಟಿಕಲ್ ಮೈಲಿ, ಎಂದರೆ 9 ಕಿಲೋಮೀಟರಿಗೂ ಮಿಗಿಲಾಗಿ, ಹೊನ್ನಾಳಿಯ ದಿಕ್ಕಿಗೆ ತಳ್ಳಿರುತ್ತದೆ. ದಿಕ್ಸೂಚಿ ಮಾತ್ರ ಅವನು ಹೊರಟ ದಿಕ್ಕನ್ನೇ ತೋರಿಸುತ್ತಿರುತ್ತದೆ. ನೆಲದ ಗುರುತುಗಳೂ ಮೋಸ ಮಾಡುತ್ತವೆ. ಚಳಿಗಾಲದ ಬೆಳಗಿನ ಮಂಜು ಅರ್ಧ ಸರಿದಿರುವಾಗ ಮೇಲಿನಿಂದ ನೋಡಿದವನಿಗೆ ಗಾಜನೂರಿನ ಹಿನ್ನೀರು ಯಾವುದು, ಲಕ್ಕವಳ್ಳಿಯ ಭದ್ರಾ ಜಲಾಶಯದ ಒಂದು ಚಾಚು ಯಾವುದು ಎಂಬುದು ತಕ್ಷಣ ಹೊಳೆಯುವುದಿಲ್ಲ. ತಾನು ಕಾಣಬೇಕೆಂದು ನಿರೀಕ್ಷಿಸಿದ್ದೇ ಕಂಡಿತೆಂದು ಮನಸ್ಸು ಒಪ್ಪಿಬಿಡುತ್ತದೆ. ಒಮ್ಮೆ ಹಾಗೆ ಒಪ್ಪಿದ ಮೇಲೆ ಮುಂದಿನ ಪ್ರತಿ ಗುರುತನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾ ಹೋಗುವುದು ಮನುಷ್ಯ ಸ್ವಭಾವ.

ಎತ್ತರದ ತಪ್ಪು ಇದಕ್ಕಿಂತ ಸೂಕ್ಷ್ಮ. ಪೈಲಟ್‌ಗೆ ಎತ್ತರ ತೋರಿಸುವ ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಆ ದಿನದ, ಆ ಜಾಗದ ಒತ್ತಡ ಎಷ್ಟೆಂದು ಕೇಳಿ ತಿಳಿದು ಪೈಲಟ್ ಅದರ ಪುಟ್ಟ ಕಿಂಡಿಯಲ್ಲಿ ಆ ಸಂಖ್ಯೆಯನ್ನು ಹೊಂದಿಸಬೇಕು. ಒತ್ತಡವನ್ನು ಅಳೆಯುವ ಮಾನ ಹೆಕ್ಟೋಪಾಸ್ಕಲ್. ಒಂದು ಹೆಕ್ಟೋಪಾಸ್ಕಲ್ ವ್ಯತ್ಯಾಸಕ್ಕೆ ಸುಮಾರು 28 ಅಡಿ ಎತ್ತರ ಬದಲಾಗುತ್ತದೆ. ನಿಜವಾದ ಒತ್ತಡ 1021 ಇರುವಾಗ ಕಿಂಡಿಯಲ್ಲಿ 1013 ಉಳಿದಿದ್ದರೆ, ಮುಳ್ಳು 2,400 ಅಡಿ ತೋರಿಸುವಾಗ ವಿಮಾನ 2,600 ಅಡಿಗೂ ಮೇಲಿರುತ್ತದೆ. ಅಲ್ಲಿ ನಿಯಂತ್ರಿತ ಪ್ರದೇಶದ ತಳ 2,500 ಅಡಿಯಲ್ಲಿದ್ದರೆ, ಪೈಲಟ್ ತನಗರಿವಿಲ್ಲದೆ ಗೆರೆ ದಾಟಿರುತ್ತಾನೆ. ಟ್ರಾನ್ಸ್‌ಪಾಂಡರ್ ಈ ಕಿಂಡಿಯ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಯಾವಾಗಲೂ 1013.25 ಹೆಕ್ಟೋಪಾಸ್ಕಲ್ ಎಂಬ ನಿಗದಿತ ಒತ್ತಡಕ್ಕೆ ಹೋಲಿಸಿದ ಎತ್ತರವನ್ನೇ ಕಳಿಸುತ್ತದೆ. ಸ್ಥಳೀಯ ಒತ್ತಡಕ್ಕೆ ತಕ್ಕಂತೆ ಅದನ್ನು ತಿದ್ದುವ ಕೆಲಸ ನೆಲದ ಗಣಕಯಂತ್ರದ್ದು. ಹೀಗಾಗಿ ಪೈಲಟ್‌ನ ಕಣ್ಣೆದುರಿನ ಮುಳ್ಳು ತಪ್ಪು ಹೇಳುತ್ತಿರುವ ಹೊತ್ತಿನಲ್ಲೇ ಅವನ ಬೆನ್ನ ಹಿಂದಿನ ಪೆಟ್ಟಿಗೆ ನಿಯಂತ್ರಕನಿಗೆ ಸರಿಯಾದುದನ್ನು ಹೇಳುತ್ತಿರಬಹುದು. ಇದು ನನಗೆ ಈ ಉಪಕರಣದ ಅತ್ಯಂತ ಬೆಲೆಬಾಳುವ ಗುಣವಾಗಿ ಕಾಣುತ್ತದೆ. ಒತ್ತಡದ ತಪ್ಪು ಇನ್ನೊಂದು ಕಡೆಗಾದರೆ, ಅಂದರೆ ನಿಜವಾದ ಒತ್ತಡ ಕಡಿಮೆಯಿದ್ದರೆ, ವಿಮಾನ ತೋರಿಕೆಗಿಂತ ಕೆಳಗಿರುತ್ತದೆ. ಘಟ್ಟದ ಸೀಮೆಯಲ್ಲಿ ಅದು ಇನ್ನೂ ಭಯದ ವಿಷಯ.

ಇಂಥ ಅಚಾತುರ್ಯ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಸೆರಿಟೋಸ್ ಸಾಕ್ಷಿ. 1986ರ ಆಗಸ್ಟ್ 31ರಂದು ಟಾರೆನ್ಸ್‌ನಿಂದ ಬಿಗ್ ಬೇರ್‌ಗೆ ಹೊರಟಿದ್ದ ಮೂವರಿದ್ದ ಪೈಪರ್ ಎಂಬ ಸಣ್ಣ ವಿಮಾನ, ಅನುಮತಿ ಪಡೆಯದೆ ಲಾಸ್ ಏಂಜಲಿಸ್‌ನ ನಿಯಂತ್ರಿತ ಪ್ರದೇಶದೊಳಗೆ ಹೋಗಿ, ಇಳಿಯಲು ಬರುತ್ತಿದ್ದ ಏರೋಮೆಕ್ಸಿಕೋದ ಡಿಸಿ-9 ವಿಮಾನಕ್ಕೆ ಢಿಕ್ಕಿಯಾಯಿತು. ಎರಡೂ ವಿಮಾನಗಳಲ್ಲಿದ್ದ 67 ಮಂದಿ, ಕೆಳಗೆ ಮನೆಗಳಲ್ಲಿದ್ದ 15 ಮಂದಿ, ಒಟ್ಟು 82 ಜನ ಸತ್ತರು. ಪೈಪರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಆದರೆ ಅದು ಎತ್ತರವನ್ನು ತಿಳಿಸುವ ಬಗೆಯದಾಗಿರಲಿಲ್ಲ. ಆ ಹೊತ್ತಿನಲ್ಲಿ ನಿಯಂತ್ರಕರ ಗಮನ, ಹಾಗೆಯೇ ಅನುಮತಿ ಇಲ್ಲದೆ ಒಳಬಂದಿದ್ದ ಇನ್ನೊಂದು ಸಣ್ಣ ವಿಮಾನದ ಕಡೆಗೆ ಇತ್ತು. ಒಬ್ಬನ ಸಣ್ಣ ತಪ್ಪು ಇನ್ನೊಬ್ಬನನ್ನು ಕಾಣದಂತೆ ಮಾಡಿದ ಈ ಸಂಗತಿಯನ್ನು ನಿಮ್ಮ ಸೋದರಳಿಯನಿಗೆ ತಿಳಿಸಿ. ಎರಡು ನಿಮಿಷದ ಪ್ರವೇಶಕ್ಕೆ ವಿಚಾರಣೆ ಏಕೆ ಎಂಬುದು ಅವನಿಗೆ ಅರ್ಥವಾಗುತ್ತದೆ. ಅದಾದ ಮೇಲೆ ಅಮೆರಿಕದಲ್ಲಿ ದೊಡ್ಡ ನಿಲ್ದಾಣಗಳ ಸುತ್ತ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಕಡ್ಡಾಯವಾಯಿತು, ಪ್ರಯಾಣಿಕ ವಿಮಾನಗಳಲ್ಲಿ ಢಿಕ್ಕಿ ತಡೆ ಉಪಕರಣ ಬಂತು.

ಅವನು ಧೈರ್ಯಗೆಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಇಂಥ ಪ್ರಕರಣಗಳಲ್ಲಿ ತಪ್ಪಿನ ಗುಣ ನೋಡಿ ತಿಳಿವಳಿಕೆ ಪತ್ರ, ಆನ್‌ಲೈನ್ ಪಾಠ ಮತ್ತು ಪರೀಕ್ಷೆ, ಒಂದು ದಿನದ ತರಗತಿ, ಗಂಭೀರವಾಗಿದ್ದರೆ ಪರವಾನಗಿಯ ಮೇಲೆ ಕ್ರಮ ಎಂಬ ಹಂತಗಳಿವೆ. ಅಲ್ಲಿ ಪೈಲಟ್‌ಗಳಿಗೆ ಹೇಳಿಕೊಡುವ ಎರಡು ಅಭ್ಯಾಸಗಳು ನನಗೆ ಬಹಳ ಹಿಡಿಸಿವೆ. ಗೆರೆಯಿಂದ ಅಡ್ಡಕ್ಕೆ 2 ನಾಟಿಕಲ್ ಮೈಲಿ, ಎತ್ತರದಲ್ಲಿ 200 ಅಡಿ ಅಂತರ ಬಿಟ್ಟೇ ದಾರಿಯನ್ನು ಯೋಜಿಸುವುದು ಒಂದು. ಗೆರೆಯ ಪಕ್ಕ ಹಾರುವಾಗ ಸಾಮಾನ್ಯ ಸಂಕೇತವಾದ 7000ದ ಬದಲು ಆ ನಿಲ್ದಾಣಕ್ಕೆಂದೇ ಇರುವ ಆಲಿಸುವ ಸಂಕೇತವನ್ನು ಹಾಕಿ, ಅವರ ರೇಡಿಯೋ ಆವರ್ತನವನ್ನು ಕೇಳುತ್ತಿರುವುದು ಇನ್ನೊಂದು. ಆ ಸಂಖ್ಯೆ ಪರದೆಯಲ್ಲಿ ಕಂಡ ಕೂಡಲೇ, ಈ ಪೈಲಟ್ ತಮ್ಮ ಮಾತು ಕೇಳುತ್ತಿದ್ದಾನೆಂದು ನಿಯಂತ್ರಕರಿಗೆ ತಿಳಿಯುತ್ತದೆ. ಅವನು ಗೆರೆಯ ಕಡೆಗೆ ವಾಲಿದರೆ ಹೆಸರು ಹಿಡಿದು ಕರೆದು ಎಚ್ಚರಿಸುತ್ತಾರೆ. ಅಡ್ಡಗಾಳಿಯೋ, ಪಕ್ಕದಲ್ಲಿ ಕುಳಿತ ಗೆಳೆಯನ ಮಾತೋ, ಮುಂದೆ ಬಂದ ಮೋಡವೋ, ಅವನು ತಪ್ಪಿದ್ದು ಯಾವುದರಿಂದ ಎಂಬುದನ್ನು ಮುಚ್ಚಿಡದೆ ಬರೆದುಕೊಡಲಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿದ್ದಾಳೆ. ಒಬ್ಬಳೇ ಹಾರುವಾಗ ದಾರಿ ತಪ್ಪಿದರೆ ಅವಳು ಏನು ಮಾಡಬೇಕು? ವಾಯುಪಡೆಯ ವಿಮಾನ ಬಂದರೆ?
— ತಾಯಿ, ಭದ್ರಾವತಿ

ಉತ್ತರ: ಜಕ್ಕೂರಿನ ಸಮೀಪವೇ ಯಲಹಂಕದ ವಾಯುಪಡೆ ನೆಲೆ ಇದೆ, ಉತ್ತರಕ್ಕೆ ಕೆಂಪೇಗೌಡ ನಿಲ್ದಾಣವಿದೆ. ಆದ್ದರಿಂದ ಅಲ್ಲಿ ಕಲಿಯುವವರಿಗೆ ಗೆರೆಯ ಪಾಠ ಮೊದಲ ದಿನಗಳಿಂದಲೇ ಆಗುತ್ತದೆ. ನಮ್ಮ ದೇಶದಲ್ಲಿ ಊರಿಂದೂರಿಗೆ ಹಾರುವ ಮುಂಚೆ ಹಾರಾಟದ ಯೋಜನೆ ಸಲ್ಲಿಸಿ ವಾಯು ರಕ್ಷಣಾ ಅನುಮತಿಯ ಸಂಖ್ಯೆಯನ್ನು ಪಡೆಯುವ ಕ್ರಮವಿರುವುದರಿಂದ, ಅವಳು ಆಕಾಶದಲ್ಲಿರುವುದು ಸಂಬಂಧಪಟ್ಟವರಿಗೆ ತಿಳಿದೇ ಇರುತ್ತದೆ.

ದಾರಿ ತಪ್ಪಿದೆನೆಂಬ ಅನುಮಾನ ಬಂದ ಕ್ಷಣದಲ್ಲೇ, ಅದು ಖಚಿತವಾಗುವವರೆಗೆ ಕಾಯದೆ, ರೇಡಿಯೋದಲ್ಲಿ ಹೇಳಬೇಕು. ತಾನು ಮಾತಾಡುತ್ತಿದ್ದ ಆವರ್ತನದಲ್ಲಿ ಉತ್ತರ ಬಾರದಿದ್ದರೆ 121.5 ಮೆಗಾಹರ್ಟ್ಸ್ ಎಂಬ ತುರ್ತು ಆವರ್ತನವಿದೆ. ನಿಯಂತ್ರಕರು ಒಂದು ಸಂಕೇತವನ್ನು ಕೊಟ್ಟು, ಐಡೆಂಟ್ ಎಂಬ ಗುಂಡಿಯನ್ನು ಒತ್ತಲು ಹೇಳುತ್ತಾರೆ. ಒತ್ತಿದ ಕೂಡಲೇ ಪರದೆಯ ಮೇಲೆ ಅವಳ ಗುರುತು ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ದಿಕ್ಕು ಹೇಳಿ ಕರೆತರುವುದು ಅವರ ಕೆಲಸ. ವಾಯುಪಡೆಯ ವಿಮಾನ ಪಕ್ಕಕ್ಕೆ ಬಂದು ರೆಕ್ಕೆಗಳನ್ನು ಅತ್ತಿತ್ತ ಆಡಿಸಿದರೆ, ನನ್ನನ್ನು ಹಿಂಬಾಲಿಸು ಎಂದು ಅರ್ಥ. ತಾನೂ ರೆಕ್ಕೆ ಆಡಿಸಿ ಅರ್ಥವಾಯಿತೆಂದು ತಿಳಿಸಿ ಹಿಂಬಾಲಿಸಬೇಕು, 121.5ರಲ್ಲಿ ಕರೆಯಬೇಕು, ಬೇರೆ ಸೂಚನೆ ಇಲ್ಲದಿದ್ದರೆ 7700 ಹಾಕಬೇಕು. ತಪ್ಪೊಪ್ಪಿಕೊಂಡರೆ ಬೈಗುಳ ಸಿಗುತ್ತದೆಂಬ ಅಂಜಿಕೆ ಹೊಸಬರಲ್ಲಿ ಇರುತ್ತದೆ. ಕೆಳಗೆ ಕುಳಿತವರು ಕಾಯುತ್ತಿರುವುದು ಅವಳ ದನಿಗಾಗಿ ಎಂಬುದನ್ನು ತಾಯಿಯಾಗಿ ನೀವೂ ಅವಳಿಗೆ ಹೇಳಿ.

ಪ್ರಶ್ನೆ: ಟ್ರಾನ್ಸ್‌ಪಾಂಡರ್ ಇಷ್ಟು ಮುಖ್ಯವಾದರೆ ಅದನ್ನು ಆರಿಸಲು ಪೈಲಟ್‌ಗೆ ಸ್ವಿಚ್ ಏಕೆ ಕೊಟ್ಟಿದ್ದಾರೆ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: 2001ರ ಸೆಪ್ಟೆಂಬರ್ 11ರಂದು ಅಪಹರಣಕಾರರು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಿದ ಮೇಲೆ ಈ ಪ್ರಶ್ನೆ ಜಗತ್ತಿನಲ್ಲೆಲ್ಲ ಎದ್ದಿತು. ವಿದ್ಯುತ್ತಿನಿಂದ ನಡೆಯುವ ಯಾವ ಉಪಕರಣದಲ್ಲೂ ಬೆಂಕಿ ಕಾಣಿಸಿಕೊಳ್ಳಬಹುದು. ಹಾರುತ್ತಿರುವ ವಿಮಾನದಲ್ಲಿ ಅದರ ವಿದ್ಯುತ್ತನ್ನು ಕಡಿಯುವ ದಾರಿ ಪೈಲಟ್‌ಗೆ ಇರಲೇಬೇಕು. ಕೆಟ್ಟುಹೋದ ಟ್ರಾನ್ಸ್‌ಪಾಂಡರ್ ತಪ್ಪು ಎತ್ತರ ಹೇಳತೊಡಗಿದರೆ ನಿಯಂತ್ರಕರೇ ಅದನ್ನು ನಿಲ್ಲಿಸಲು ಹೇಳುವುದುಂಟು. ನೆಲದ ಮೇಲೆ ನಿಂತ ವಿಮಾನಗಳೆಲ್ಲ ಓಗೊಡುತ್ತಿದ್ದರೆ ಪರದೆ ಗಿಜಿಗುಡುತ್ತದೆ.

ಪ್ರಶ್ನೆ: ಮೊಬೈಲಿನ ನಕ್ಷೆಯಲ್ಲಿ ವಿಮಾನಗಳನ್ನು ನೋಡುವುದು ನನ್ನ ಮೊಮ್ಮಗನ ಹವ್ಯಾಸ. ಮನೆಯ ಮೇಲೆ ತಗ್ಗಿನಲ್ಲಿ ಹಾರಿದ ಹೆಲಿಕಾಪ್ಟರ್ ನಕ್ಷೆಯಲ್ಲಿ ಕಾಣಲೇ ಇಲ್ಲ. ಬಹಳ ಎತ್ತರದ ವಿಮಾನಗಳು ಕಾಣುತ್ತವೆ. ಕಾರಣವೇನು?
— ಓದುಗರು, ಹೊಸನಗರ

ಉತ್ತರ: ಹೊಸ ಬಗೆಯ ಟ್ರಾನ್ಸ್‌ಪಾಂಡರ್‌ಗಳು ಯಾರೂ ಕೇಳದಿದ್ದರೂ, ಉಪಗ್ರಹಗಳ ನೆರವಿನಿಂದ ತಿಳಿದುಕೊಂಡ ತಮ್ಮ ಸ್ಥಾನವನ್ನು ಅದೇ 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಸಾರುತ್ತಿರುತ್ತವೆ. ಇದಕ್ಕೆ ಎಡಿಎಸ್-ಬಿ ಎಂದು ಹೆಸರು. ಅಲ್ಲಲ್ಲಿ ಮನೆಗಳ ಮಾಡಿನ ಮೇಲೆ ಆಸಕ್ತರು ಇಟ್ಟಿರುವ ಗ್ರಾಹಕ ಯಂತ್ರಗಳು ಅದನ್ನು ಹಿಡಿದು ಅಂತರ್ಜಾಲಕ್ಕೆ ಕೊಡುತ್ತವೆ. ನಿಮ್ಮ ಮೊಮ್ಮಗ ನೋಡುವುದು ಅದನ್ನೇ. ಈ ಅಲೆಗಳು ನೇರವಾಗಿ ಸಾಗುತ್ತವೆ, ಗುಡ್ಡವನ್ನು ಬಳಸಿ ಬರುವುದಿಲ್ಲ. ಬಯಲಿನಲ್ಲಿ 35,000 ಅಡಿ ಎತ್ತರದ ವಿಮಾನದ ದನಿ ಸುಮಾರು 400 ಕಿಲೋಮೀಟರ್ ದೂರಕ್ಕೆ ಮುಟ್ಟಿದರೆ, 2,000 ಅಡಿಯಲ್ಲಿರುವುದರದು 100 ಕಿಲೋಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ನಿಮ್ಮಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿಯೂ ಅದರ ಒಡಹುಟ್ಟಿದ ಸಾಲುಗಳೂ ನಡುವೆ ನಿಂತಿರುವುದರಿಂದ, ಕಣಿವೆಯಲ್ಲಿ ಹಾರುವುದು ಪಕ್ಕದ ಕಣಿವೆಗೇ ಕೇಳದೆ ಹೋಗಬಹುದು. ನಿಯಂತ್ರಕರ ರಾಡಾರಿಗೂ ಇದೇ ಮಿತಿ ಇದೆ. ಜೊತೆಗೆ ಕೆಲವು ಹೆಲಿಕಾಪ್ಟರ್‌ಗಳಲ್ಲಿ ಈ ಹೊಸ ಸೌಲಭ್ಯ ಇರುವುದಿಲ್ಲ, ಸೇನೆಯವು ತಮ್ಮ ಸ್ಥಾನವನ್ನು ಸಾರದೆಯೂ ಹಾರುತ್ತವೆ. ನಕ್ಷೆ ಖಾಲಿ ಇದೆ ಎಂದ ಮಾತ್ರಕ್ಕೆ ಆಕಾಶ ಖಾಲಿ ಇದೆ ಎಂದಲ್ಲ ಎಂಬುದನ್ನು ಮೊಮ್ಮಗನಿಗೆ ಹೇಳಿಕೊಡಿ.

ಪ್ರಶ್ನೆ: ನಮ್ಮ ಅಡಿಕೆ ತೋಟ ಸೋಗಾನೆ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ದೂರದಲ್ಲಿದೆ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಡ್ರೋನ್ ತರಿಸಬೇಕೆಂದಿದ್ದೇವೆ. ಡ್ರೋನ್‌ಗೂ ಟ್ರಾನ್ಸ್‌ಪಾಂಡರ್ ಬೇಕೇ? ಅದೂ ನಿಯಂತ್ರಿತ ಪ್ರದೇಶದೊಳಗೆ ಹೋದಂತಾಗುತ್ತದೆಯೇ?
— ಕೃಷಿಕರು, ಶಿವಮೊಗ್ಗ ತಾಲ್ಲೂಕು

ಉತ್ತರ: ತೋಟಕ್ಕೆ ಬರುವ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ವಿಮಾನದಂಥ ಟ್ರಾನ್ಸ್‌ಪಾಂಡರ್ ಇರುವುದಿಲ್ಲ. ಅಂದರೆ ಅದು ಯಾರಿಗೂ ಓಗೊಡುವುದಿಲ್ಲ, ಆದ್ದರಿಂದ ಎಚ್ಚರಿಕೆಯ ಹೊಣೆ ಪೂರ್ತಿ ಹಾರಿಸುವವರ ಮೇಲೆ ಬೀಳುತ್ತದೆ. 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ನಿಲ್ದಾಣದ ಆವರಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಎತ್ತರದವರೆಗೆ ಹಸಿರು, ಅದಕ್ಕಿಂತ ಮೇಲೆ ಹಳದಿ. 5ರಿಂದ 8 ಕಿಲೋಮೀಟರ್ ನಡುವೆ ನೆಲದಿಂದಲೇ ಹಳದಿ. ಅಲ್ಲಿ ಹಾರಿಸಲು ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಅದಕ್ಕಿಂತ ಹತ್ತಿರದ್ದು ಕೆಂಪು. ನೀವು ಹೇಳಿರುವ ಹತ್ತು ಕಿಲೋಮೀಟರ್ ರಸ್ತೆಯ ಲೆಕ್ಕ. ನಿಯಮ ನೋಡುವುದು ನೇರ ಗೆರೆಯ ದೂರವನ್ನು, ಅದೂ ಟರ್ಮಿನಲ್‌ನಿಂದಲ್ಲ, ಆವರಣದ ಗಡಿಯಿಂದ. ನಿಲ್ದಾಣದ ಓಡುದಾರಿಯೇ 3.2 ಕಿಲೋಮೀಟರ್ ಉದ್ದವಿರುವುದರಿಂದ, ನಿಮ್ಮ ತೋಟ ನೀವು ಎಣಿಸಿದ್ದಕ್ಕಿಂತ ಒಳಗಿನ ವಲಯದಲ್ಲಿ ಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಡ್ರೋನ್ ತರಿಸಲು ಮುಂಗಡ ಕೊಡುವ ಮುಂಚೆಯೇ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತೋಟದ ಜಾಗವನ್ನು ಗುರುತಿಸಿ ನೋಡಿ. ಹಾರಿಸುವ ದಿನವೂ ಮತ್ತೊಮ್ಮೆ ನೋಡಿ, ಏಕೆಂದರೆ ತಾತ್ಕಾಲಿಕ ನಿರ್ಬಂಧಗಳು ಬರುತ್ತಿರುತ್ತವೆ. ಔಷಧಿ ಹೊತ್ತ ಡ್ರೋನ್ 2 ಕಿಲೋಗ್ರಾಂ ತೂಕವನ್ನು ಸುಲಭವಾಗಿ ಮೀರುತ್ತದೆ, ಹಾಗಾಗಿ ನಡೆಸುವವರಲ್ಲಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅಡಿಕೆ ಮರದ ತಲೆಯ ಮೇಲೆ ನಾಲ್ಕಾರು ಅಡಿ ಎತ್ತರದಲ್ಲಿ ಮಾಡುವ ಕೆಲಸವಿದು. ಹೆಚ್ಚು ಮೇಲೇರುವ ಅಗತ್ಯವೇ ಇಲ್ಲ. ಕೆಲಸದ ನಡುವೆ ವಿಮಾನದ ಸದ್ದು ಕೇಳಿದರೆ, ಅದು ಎಲ್ಲಿದೆ ಎಂದು ಹುಡುಕುತ್ತಾ ನಿಲ್ಲದೆ, ಮೊದಲು ಡ್ರೋನನ್ನು ನೆಲಕ್ಕಿಳಿಸಿ.